ಅಚಲೆಯ ಚಲನೆಯನ್ನು ಅಳೆದವರು

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಆತ ಇಂಜಿನಿಯರು; ಸೇತುವೆ, ಕಟ್ಟಡಗಳ ತಳಪಾಯಕ್ಕೆ ಸಂಬಂಧಿಸಿದ ಕೆಲಸ. ಕಾಫಿ ಕುಡಿಯುತ್ತ ಹಳೆಯ ದಿನಗಳ ಮಾತು ನಡೆದಿರುವಾಗ ಆತ ನಕ್ಕು ಹೇಳಿದ: "ಮೇಷ್ಟ್ರೇ, ಅಮರಕೋಶದಿಂದ ಭೂಮಿಯ ಹೆಸರುಗಳನ್ನು ನಮಗೆ ಬಾಯಿಪಾಠ ಮಾಡಿಸಿದ್ದಿರಿ. ಅಚಲಾ, ಸ್ಥಿರಾ ಎಂದು ಬೆಂಚಿನ ಮೇಲೆ ನಿಲ್ಲಿಸಿ ಹೇಳಿಸಿದ್ದಿರಿ. ಈಗ ನನಗೆ ಸಂಬಳ ಕೊಡುವುದೇ ಆ ಅಚಲೆ ಎಷ್ಟು ಇಳಿಯುತ್ತಾಳೆ, ಎಷ್ಟು ವರ್ಷದಲ್ಲಿ ಇಳಿಯುತ್ತಾಳೆ ಎಂದು ಲೆಕ್ಕ ಹಾಕುವುದಕ್ಕೆ!"

"ಈ ಲೆಕ್ಕವನ್ನು ನಿಮಗೆ ಕಲಿಸಿದವರು ಯಾರಯ್ಯ?" ಎಂದು ಕೇಳಿದೆ. ಆತ ಹೇಳಿದ ಹೆಸರು ಕಾರ್ಲ್ ಟೆರ್ಜಾಗಿ.

ನಾನು ಭಾಷೆಯ ಮೇಷ್ಟ್ರು. ಗಣಿತದ ಎದುರು ನಿಲ್ಲುವ ಧೈರ್ಯ ನನಗೆ ಎಂದೂ ಇದ್ದುದಿಲ್ಲ. ಆದರೂ ಆತ ಬಿಟ್ಟುಹೋದ ಪುಸ್ತಕಗಳನ್ನು ಬಿಡುವಿನ ವೇಳೆಯಲ್ಲಿ ತಿರುವಿ ನೋಡಿದೆ. ಸಮೀಕರಣಗಳ ಪುಟಗಳನ್ನು ದಾಟಿ ದಾಟಿ ಓದಿದಾಗ ಅವುಗಳ ಹಿಂದೆ ಒಬ್ಬ ಮನುಷ್ಯನ ಕಥೆ ಕಂಡಿತು. ಹಠ, ಸೋಲು, ಬಡ ಸಲಕರಣೆಗಳಿಂದ ಪಡೆದ ದೊಡ್ಡ ಗೆಲುವು, ಆ ಗೆಲುವಿನ ಮೇಲೆ ಬಿದ್ದ ಒಂದು ಕರಿಯ ನೆರಳು, ಎಲ್ಲವೂ ಅದರಲ್ಲಿದ್ದವು. ಅದನ್ನು ನಾನು ತಿಳಿದಷ್ಟರ ಮಟ್ಟಿಗೆ ಇಲ್ಲಿ ನಿವೇದಿಸುತ್ತೇನೆ.

ಮನೆ ಕಟ್ಟಿಸುವಾಗ ನಾವು ಗೋಡೆಯನ್ನು ನೋಡುತ್ತೇವೆ, ಬಾಗಿಲನ್ನು ನೋಡುತ್ತೇವೆ, ಮೇಲ್ಛಾವಣಿಯ ಬಗ್ಗೆ ಬಡಗಿ ಗಾರೆಯವರೊಡನೆ ಗಂಟೆಗಟ್ಟಲೆ ಚರ್ಚಿಸುತ್ತೇವೆ. ಆದರೆ ಇಷ್ಟೆಲ್ಲದರ ಭಾರವನ್ನು ಕಟ್ಟಕಡೆಗೆ ಹೊರುವುದು ಮಣ್ಣು. ಉಕ್ಕನ್ನು ನಮಗೆ ಬೇಕಾದ ಗುಣಕ್ಕೆ ತಕ್ಕಂತೆ ಕಾರ್ಖಾನೆಯಲ್ಲಿ ಮಾಡಿಸಬಹುದು. ಮಣ್ಣನ್ನು ಹಾಗೆ ಮಾಡಿಸಲಾಗದು. ಅದು ಇದ್ದಂತೆ ನಾವು ಒಪ್ಪಬೇಕು. ಒಂದು ನಿವೇಶನದ ಪೂರ್ವ ಮೂಲೆಯಲ್ಲಿದ್ದ ಮಣ್ಣು ಪಶ್ಚಿಮ ಮೂಲೆಯಲ್ಲಿರಬೇಕೆಂಬ ನಿಯಮವಿಲ್ಲ.

ಹಿಂದಿನವರು ಇದನ್ನು ಯೋಚಿಸಿರಲಿಲ್ಲವೆಂದಲ್ಲ. ಫ್ರಾನ್ಸಿನ ಸೈನ್ಯದಲ್ಲಿ ಇಂಜಿನಿಯರಾಗಿದ್ದ ಕೂಲಂಬ್, ಮಣ್ಣು ತನ್ನನ್ನು ತಡೆದು ನಿಲ್ಲಿಸಿದ ಗೋಡೆಯನ್ನು ಎಷ್ಟು ಬಲದಿಂದ ನೂಕುತ್ತದೆ ಎಂಬುದಕ್ಕೆ 1773ರಲ್ಲಿ ಒಂದು ಲೆಕ್ಕವನ್ನು ಮಂಡಿಸಿದ್ದರು. 1857ರಲ್ಲಿ ಬ್ರಿಟನ್ನಿನ ರ್‍ಯಾಂಕಿನ್ ಇನ್ನೊಂದನ್ನು ಕೊಟ್ಟರು. ಒಣ ಮರಳಿನಂಥ ಮಣ್ಣಿಗೆ ಇವು ಸಾಕು. ಆದರೆ ನೀರು ಕುಡಿದ ಜೇಡಿಮಣ್ಣು ಈ ಲೆಕ್ಕಗಳ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನ ಆರಂಭವಾದಾಗ ಪನಾಮಾ ಕಾಲುವೆಯ ದಡಗಳು ಮತ್ತೆ ಮತ್ತೆ ಜರಿಯುತ್ತಿದ್ದವು. ಸ್ವೀಡನ್ನಿನಲ್ಲಿ ರೈಲು ಹಾದಿಗಳ ಕೆಳಗಿನ ನೆಲ ಕುಸಿಯುತ್ತಿದ್ದುದರಿಂದ 1914ರಲ್ಲಿ ಒಂದು ಆಯೋಗವನ್ನೇ ನೇಮಿಸಬೇಕಾಯಿತು. ಅದು 1922ರವರೆಗೆ ಕೆಲಸ ಮಾಡಿತು. ನೆಲದ ಮೇಲಿನ ಸೇತುವೆಯನ್ನು ಗುಲಗಂಜಿ ತೂಕದ ಲೆಕ್ಕದಲ್ಲಿ ಕಟ್ಟಬಲ್ಲವರು, ನೆಲದ ಒಳಗಿನ ವಿಷಯಕ್ಕೆ ಬಂದಾಗ ಅನುಭವ ಮತ್ತು ಅದೃಷ್ಟವನ್ನು ನಂಬುತ್ತಿದ್ದರು.

ಇಂಥ ಕಾಲದಲ್ಲಿ, 1883ರ ಅಕ್ಟೋಬರ್ 2ರಂದು, ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಪ್ರಾಗ್ ನಗರದಲ್ಲಿ ಕಾರ್ಲ್ ಟೆರ್ಜಾಗಿ ಜನಿಸಿದರು. ತಂದೆ ಸೈನ್ಯಾಧಿಕಾರಿ. ಮಗನೂ ಸೈನ್ಯವನ್ನು ಸೇರಲೆಂದು ಹತ್ತು ವರ್ಷಕ್ಕೇ ಆತನನ್ನು ಸೈನಿಕ ವಸತಿಶಾಲೆಗೆ ಸೇರಿಸಿದರು. ಬಾಲಕನಿಗೆ ಆ ಕವಾಯತಿನ ಜೀವನ ಒಗ್ಗಲಿಲ್ಲ. 1900ರಲ್ಲಿ ಗ್ರಾಜ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಯಂತ್ರಶಿಲ್ಪ ವಿಭಾಗಕ್ಕೆ ಸೇರಿದ. ಅಲ್ಲಿ ಪಾಠಕ್ಕಿಂತ ತುಂಟತನವೇ ಹೆಚ್ಚಾಗಿ, ವಿದ್ಯಾಲಯದಿಂದ ಹೊರದೂಡಿಸಿಕೊಳ್ಳುವ ಹಂತಕ್ಕೂ ಬಂದನಂತೆ. ವಿಟೆನ್‌ಬವರ್ ಎಂಬ ಪ್ರಾಧ್ಯಾಪಕರು ಅಡ್ಡ ನಿಂತು ಹುಡುಗನನ್ನು ಉಳಿಸಿದರು. ಮೂವತ್ತು ವರ್ಷಗಳಿಂದ ತರಗತಿಯಲ್ಲಿ ನಿಂತ ನನಗೆ ಈ ಸಂಗತಿಯನ್ನು ಓದಿ ಸಂತೋಷವಾಯಿತು. ಹಿಂದಿನ ಬೆಂಚಿನ ಹುಡುಗನ ಪರವಾಗಿ ಒಂದು ಮಾತನ್ನಾಡುವ ಮೇಷ್ಟ್ರು ಎಲ್ಲ ಶಾಲೆಯಲ್ಲೂ ಇರಬೇಕು.

ಯಂತ್ರಶಿಲ್ಪದಲ್ಲಿ ಪದವಿ ಬಂದರೂ ಟೆರ್ಜಾಗಿಯವರ ಒಲವೆಲ್ಲ ಭೂವಿಜ್ಞಾನದ ಕಡೆಗಿದ್ದಿತು. ಕಡ್ಡಾಯ ಸೈನ್ಯಸೇವೆಯ ಅವಧಿಯಲ್ಲಿ ಅವರು ಸ್ಕಾಟ್ಲೆಂಡಿನ ಭೂವಿಜ್ಞಾನಿ ಗೀಕಿಯವರ ಪುಸ್ತಕವೊಂದನ್ನು ಜರ್ಮನ್ ಭಾಷೆಗೆ ತಂದರು. ಬಳಿಕ ವಿಯೆನ್ನಾದ ಒಂದು ಸಂಸ್ಥೆಯಲ್ಲಿ ಉದ್ಯೋಗ ದೊರೆಯಿತು. ಜಲವಿದ್ಯುತ್ ಕಾಮಗಾರಿಗಳು, ಕಾಂಕ್ರೀಟು ಕಟ್ಟಡಗಳು. ಕ್ರೊಯೇಷಿಯಾದಲ್ಲಿ, ನದಿಗಳು ಹರಿಯುತ್ತ ಹರಿಯುತ್ತ ಸುಣ್ಣಕಲ್ಲಿನ ನೆಲದೊಳಕ್ಕೆ ಮಾಯವಾಗುವ ಸೀಮೆಯಲ್ಲಿ ಅವರು ಅಲೆದಾಡಿದರು, ರಷ್ಯಾಕ್ಕೂ ಹೋಗಿಬಂದರು. ಹೋದಲ್ಲೆಲ್ಲ ಒಂದೇ ಅನುಭವ. ನೆಲದ ಮೇಲೆ ಎಲ್ಲಕ್ಕೂ ಶಾಸ್ತ್ರವಿದೆ, ನೆಲದ ಕೆಳಗೆ ಯಾವುದಕ್ಕೂ ಇಲ್ಲ.

ಇದಕ್ಕೆ ಅವರು ಆಗ ಕಂಡುಕೊಂಡ ಉಪಾಯ ಸುಲಭವಾಗಿತ್ತು. ಅಣೆಕಟ್ಟುಗಳನ್ನು ಭರದಿಂದ ಕಟ್ಟುತ್ತಿದ್ದ ಅಮೆರಿಕಕ್ಕೆ ಹೋಗುವುದು. ಪ್ರತಿಯೊಂದು ಸ್ಥಳದಲ್ಲೂ ಕೆಳಗಿರುವ ಕಲ್ಲುಮಣ್ಣುಗಳ ಜಾತಿ ಯಾವುದು, ಮೇಲಿನ ಕಟ್ಟೆಗೆ ಏನಾಯಿತು ಎಂದು ಬರೆದಿಟ್ಟುಕೊಳ್ಳುವುದು. ಎರಡನ್ನೂ ಹೋಲಿಸಿದರೆ ನಿಯಮ ತಾನಾಗಿ ಹೊರಬರುತ್ತದೆ. 1912ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಅದೇ ವರ್ಷ ಅವರು ಹಡಗು ಹತ್ತಿದರು. ಅಮೆರಿಕದ ಪಶ್ಚಿಮ ಭಾಗದ ಅಣೆಕಟ್ಟುಗಳನ್ನೆಲ್ಲ ಸುತ್ತಿದರು. ಕೈಯ ಹಣ ಮುಗಿದಾಗ ಬಂಡೆಗೆ ಬೈರಿಗೆ ಕೊರೆಯುವ ಕೂಲಿಯಾಗಿಯೂ ದುಡಿದರು. ಟಿಪ್ಪಣಿಗಳು ರಾಶಿಯಾದವು. ಆದರೆ ನಿಯಮ ಹೊರಬರಲಿಲ್ಲ. 1913ರ ಕೊನೆಗೆ ಸೋತ ಮನಸ್ಸಿನಿಂದ ಅವರು ಊರಿಗೆ ಮರಳಿದರು.

ಸೋಲಿಗೆ ಕಾರಣವೇನು? ಇದನ್ನು ಓದುವಾಗ ನನಗೆ ನನ್ನ ನಿಘಂಟುಗಳ ನೆನಪಾಗಿ ಸ್ವಲ್ಪ ನಾಚಿಕೆಯಾಯಿತು. ಅವರ ಟಿಪ್ಪಣಿಗಳಲ್ಲಿ ಇದ್ದುದೆಲ್ಲ ಹೆಸರುಗಳು. ಮರಳು, ಗೋಡು, ಮೆದು ಜೇಡಿ, ಗಟ್ಟಿ ಜೇಡಿ. ಒಂದು ಕಡೆಯ 'ಗಟ್ಟಿ ಜೇಡಿ' ಕಟ್ಟೆಯನ್ನು ಹೊತ್ತು ನಿಂತಿತ್ತು. ಇನ್ನೊಂದು ಕಡೆಯ 'ಗಟ್ಟಿ ಜೇಡಿ' ಕೈಕೊಟ್ಟಿತ್ತು. ಹೆಸರು ಒಂದೇ ಆಗಿದ್ದರೂ ವಸ್ತು ಬೇರೆ. ಭೂವಿಜ್ಞಾನಿಗಳಿಟ್ಟ ಹೆಸರು ಮಣ್ಣಿನ ಹುಟ್ಟನ್ನು ಹೇಳುತ್ತಿತ್ತು, ಬಲವನ್ನು ಹೇಳುತ್ತಿರಲಿಲ್ಲ. ಹೆಸರನ್ನು ಬಲ್ಲ ಮಾತ್ರಕ್ಕೆ ವಸ್ತುವನ್ನು ಬಲ್ಲೆವೆಂದು ತಿಳಿಯುವುದು ಪಂಡಿತರಾದ ನಮ್ಮ ರೋಗ. ಇಂಜಿನಿಯರುಗಳಿಗೂ ಅದು ಇದ್ದಿತೆಂದು ಆಗ ತಿಳಿಯಿತು. ಹೆಸರಿಗೆ ಬದಲು ಸಂಖ್ಯೆ ಬೇಕು, ಸಂಖ್ಯೆಗೆ ಅಳತೆ ಬೇಕು, ಅಳತೆಗೆ ಉಪಕರಣ ಬೇಕು ಎಂಬುದು ಟೆರ್ಜಾಗಿಯವರಿಗೆ ಈ ಸೋಲಿನಿಂದ ಹೊಳೆಯಿತು.

ಅಷ್ಟರಲ್ಲಿ 1914ರ ಮಹಾಯುದ್ಧ ಬಂದಿತು. ಸೈನ್ಯದ ಕೆಲಸ, ಆಮೇಲೆ ವಿಯೆನ್ನಾದ ಬಳಿಯ ವಿಮಾನ ನಿಲ್ದಾಣವೊಂದರಲ್ಲಿ ಕೆಲಸ. 1916ರಲ್ಲಿ, ಗ್ರಾಜ್ ವಿದ್ಯಾಲಯದ ಪ್ರಾಧ್ಯಾಪಕ ಫೋರ್ಖ್‌ಹೈಮರ್ ಅವರ ಪ್ರಯತ್ನದಿಂದ, ಆಸ್ಟ್ರಿಯಾದ ಮಿತ್ರರಾಷ್ಟ್ರವಾಗಿದ್ದ ತುರ್ಕಿಯ ರಾಜಧಾನಿ ಇಸ್ತಾನ್‌ಬುಲ್‌ನಲ್ಲಿ ಇಂಜಿನಿಯರಿಂಗ್ ಶಾಲೆಯ ಅಧ್ಯಾಪಕ ಹುದ್ದೆ ದೊರೆಯಿತು. ಗೋಡೆಯ ಮೇಲೆ ಮರಳು ಹಾಕುವ ಒತ್ತಡವನ್ನು ಅವರು ಅಲ್ಲಿ ಅಳೆಯತೊಡಗಿದರು. 1918ರಲ್ಲಿ ಯುದ್ಧ ಸೋಲಿನಲ್ಲಿ ಮುಗಿದಾಗ ಆ ಹುದ್ದೆ ಹೋಯಿತು. ಬಾಸ್ಫರಸ್ ಜಲಸಂಧಿಯ ದಡದಲ್ಲಿ ಅಮೆರಿಕದವರು ನಡೆಸುತ್ತಿದ್ದ ರಾಬರ್ಟ್ ಕಾಲೇಜು ಅವರಿಗೆ ಆಶ್ರಯ ಕೊಟ್ಟಿತು.

ಸೋತ ದೇಶದ ಪ್ರಜೆ, ಪರದೇಶದಲ್ಲಿ ವಾಸ, ಪಾಠದ ಹೊರೆ, ಪ್ರಯೋಗಶಾಲೆಯೆಂಬುದು ಇಲ್ಲ. ಇಂಥ ಸ್ಥಿತಿಯಲ್ಲಿ ಅವರು ಒಂದು ದಿನ ಕುಳಿತು, ಮಣ್ಣನ್ನು ಅರಿಯಲು ಯಾವ ಯಾವ ಪ್ರಯೋಗಗಳನ್ನು ಮಾಡಬೇಕು ಎಂಬುದನ್ನು ಒಂದೇ ಒಂದು ಹಾಳೆಯ ಮೇಲೆ ಬರೆದರಂತೆ. ಮುಂದಿನ ಏಳು ವರ್ಷಗಳ ದುಡಿಮೆ ಆ ಒಂದು ಹಾಳೆಯ ವಿಸ್ತರಣೆ. ಉಪಕರಣಗಳನ್ನು ಕೊಳ್ಳಲು ಹಣವಿರಲಿಲ್ಲ. ಕಾಲೇಜಿನ ಕಸದ ರಾಶಿಯನ್ನು ಕೆದಕಿ ತಂದ ಲೋಹದ ತುಂಡುಗಳು, ಚುಟ್ಟಾ ತುಂಬಿ ಬರುತ್ತಿದ್ದ ಖಾಲಿ ಪೆಟ್ಟಿಗೆಗಳು, ಇವುಗಳಿಂದಲೇ ಮೊದಲ ಉಪಕರಣಗಳನ್ನು ಮಾಡಿಕೊಂಡರು. ಅವುಗಳಲ್ಲಿ ಮುಖ್ಯವಾದುದು ಇದು: ಒಂದು ಗಿಡ್ಡ ಉಂಗುರದಂಥ ಬಳೆ, ಅದರೊಳಗೆ ಬಿಲ್ಲೆಯಂತೆ ಕತ್ತರಿಸಿದ ಹಸಿ ಜೇಡಿಮಣ್ಣು, ಮೇಲೂ ಕೆಳಗೂ ನೀರು ಜಿನುಗಬಲ್ಲ ಸಣ್ಣ ರಂಧ್ರಗಳ ಕಲ್ಲಿನ ಬಿಲ್ಲೆ. ಮೇಲಿನಿಂದ ತೂಕವನ್ನು ಹೇರಿ, ಮಣ್ಣು ಎಷ್ಟು ನಿಮಿಷಕ್ಕೆ, ಎಷ್ಟು ಗಂಟೆಗೆ, ಎಷ್ಟು ಇಳಿಯಿತು ಎಂದು ನೋಡುತ್ತ ಕುಳಿತುಕೊಳ್ಳಬೇಕು. ಇಂದಿಗೂ ಎಲ್ಲ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಇದೇ ಬಗೆಯ ಉಪಕರಣದ ಮುಂದೆ ಕುಳಿತು ಇದನ್ನೇ ಮಾಡುತ್ತಾರೆ.

ಅವರು ಕಂಡದ್ದೇನು ಎಂಬುದನ್ನು ತಿಳಿಯಲು ಅಡಿಗೆಮನೆಗೆ ಹೋದರೆ ಸಾಕು. ಗಟ್ಟಿ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ, ಅದರ ಮೇಲೆ ಗುಂಡುಕಲ್ಲನ್ನು ಇಟ್ಟಿರೆನ್ನಿ. ಕಲ್ಲಿಟ್ಟ ಕ್ಷಣದಲ್ಲೇ ಮೊಸರು ಕುಗ್ಗುವುದಿಲ್ಲ. ನೀರು ತೊಟ್ಟು ತೊಟ್ಟಾಗಿ ಹೊರಗೆ ಬೀಳುತ್ತದೆ. ಎಷ್ಟು ನೀರು ಹೋಯಿತೋ ಗಂಟು ಅಷ್ಟೇ ಕುಗ್ಗುತ್ತದೆ. ಬೆಳಗಾಗುವ ವೇಳೆಗೆ ಒಳಗಿರುವುದು ಗಟ್ಟಿಯಾಗಿ ಕಲ್ಲಿನ ಭಾರವನ್ನು ತಾನೇ ಹೊತ್ತಿರುತ್ತದೆ. ಜೇಡಿಮಣ್ಣಿನಲ್ಲಿ ಆಗುವುದೂ ಇದೇ. ಅದರ ಕಣಗಳು ಅತಿ ಸೂಕ್ಷ್ಮ. ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬಿರುತ್ತದೆ. ಮೇಲೆ ಕಟ್ಟಡ ಎದ್ದಾಗ ಅದರ ಭಾರ ಮೊದಲು ಬೀಳುವುದು ಕಣಗಳ ಮೇಲಲ್ಲ, ನೀರಿನ ಮೇಲೆ. ನೀರನ್ನು ಹಿಂಡಿ ಕುಗ್ಗಿಸಲಾಗದು. ಅದು ಹೊರಗೆ ಹೋಗಬೇಕು. ಹಾದಿ ಬಹಳ ಇಕ್ಕಟ್ಟಾದುದರಿಂದ ಅದಕ್ಕೆ ತಿಂಗಳುಗಳು, ವರ್ಷಗಳು, ಕೆಲವೊಮ್ಮೆ ಶತಮಾನಗಳೇ ಬೇಕು. ಪಲ್ಲಕ್ಕಿ ಹೊತ್ತ ಇಬ್ಬರಲ್ಲಿ ಒಬ್ಬ ಮೆಲ್ಲಮೆಲ್ಲನೆ ಹೆಗಲನ್ನು ತಪ್ಪಿಸುತ್ತ ಹೋದರೆ ಭಾರ ಇನ್ನೊಬ್ಬನ ಮೇಲೆ ಬೀಳುವುದಷ್ಟೆ. ಹಾಗೆಯೇ ನೀರು ಸರಿದಂತೆಲ್ಲ ಭಾರ ಕಣಗಳಿಗೆ ವರ್ಗವಾಗುತ್ತದೆ, ಕಣಗಳು ಒತ್ತಾಗುತ್ತವೆ, ನೆಲ ಇಳಿಯುತ್ತದೆ, ಜೊತೆಗೇ ಗಟ್ಟಿಯೂ ಆಗುತ್ತದೆ.

ಇದರಿಂದ ಅವರು ಎರಡು ಮಾತುಗಳನ್ನು ಸ್ಥಾಪಿಸಿದರು. ಮಣ್ಣಿನ ಒಳಗಿನ ಒತ್ತಡದಲ್ಲಿ ನೀರು ಹೊತ್ತ ಪಾಲು ಒಂದು, ಕಣಗಳು ಹೊತ್ತ ಪಾಲು ಒಂದು. ಮಣ್ಣಿನ ಬಲ ನಿಂತಿರುವುದು ಈ ಎರಡನೆಯ ಪಾಲಿನ ಮೇಲೆ ಮಾತ್ರ. ಇದು ಮೊದಲನೆಯದು. ಮಳೆಗಾಲದಲ್ಲಿ ಗುಡ್ಡ ಜರಿಯುವುದರ ಮರ್ಮವೂ ಇದರಲ್ಲೇ ಇದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದುದನ್ನು ನಾವು ಮರೆತಿಲ್ಲ. ಅಂಥ ಕಡೆ ನೀರು ಮಣ್ಣನ್ನು ಭಾರ ಮಾಡುವುದಷ್ಟೇ ಅಲ್ಲ. ಅದರ ಒತ್ತಡ ಒಳಗೆ ಹೆಚ್ಚಿ, ಕಣಕ್ಕೂ ಕಣಕ್ಕೂ ಇದ್ದ ಹಿಡಿತವನ್ನು ಸಡಿಲಿಸುತ್ತದೆ.

ಎರಡನೆಯದು ಕಾಲದ ಲೆಕ್ಕ. ಬಿಸಿ ಮಾಡಿದ ಲೋಹದಿಂದ ಶಾಖ ಹೊರಕ್ಕೆ ಹರಿಯುವ ಬಗೆಗೆ ಯಾವ ಸಮೀಕರಣವುಂಟೋ ಅದೇ ರೂಪದ ಸಮೀಕರಣ ಜೇಡಿಯಿಂದ ನೀರು ಜಿನುಗುವುದಕ್ಕೂ ಒಪ್ಪುತ್ತದೆಂದು ಅವರು 1923ರಲ್ಲಿ ತೋರಿಸಿದರು. ಅದರ ಫಲವನ್ನು ನಮ್ಮಂಥವರೂ ತಿಳಿಯಬಹುದು: ಜೇಡಿಯ ಪದರ ಎರಡರಷ್ಟು ದಪ್ಪವಾದರೆ ನೆಲ ಇಳಿದು ನಿಲ್ಲಲು ಬೇಕಾದ ಕಾಲ ಎರಡರಷ್ಟಲ್ಲ, ನಾಲ್ಕರಷ್ಟು, ಮೂರರಷ್ಟು ದಪ್ಪವಾದರೆ ಒಂಬತ್ತರಷ್ಟು. ಬಳೆಯೊಳಗಿನ ಬಿಲ್ಲೆಯನ್ನು ಒಂದು ದಿನ ನೋಡಿದವನು ಹತ್ತು ಮೀಟರು ದಪ್ಪದ ಪದರಕ್ಕೆ ಮುಂದೆ ಎಷ್ಟು ವರ್ಷದಲ್ಲಿ ಏನಾಗುವುದೆಂದು ಅಂದಾಜು ಹೇಳಬಲ್ಲವನಾದ.

ಇಟಲಿಯ ಪೀಸಾ ನಗರದ ವಾಲುಗೋಪುರವನ್ನು ಚಿತ್ರದಲ್ಲಾದರೂ ನೋಡದವರಿಲ್ಲ. 1173ರಲ್ಲಿ ಮೊದಲಾದ ಅದರ ಕೆಲಸ ಕೆಲವು ಅಂತಸ್ತುಗಳು ಏಳುವಷ್ಟರಲ್ಲಿ ನಿಂತು, ಮತ್ತೆ ಹಿಡಿದದ್ದು ಸುಮಾರು ನೂರು ವರ್ಷದ ಮೇಲೆ, 1272ರಲ್ಲಿ. ಮತ್ತೊಮ್ಮೆ ನಿಂತು, ಹದಿನಾಲ್ಕನೆಯ ಶತಮಾನದಲ್ಲಿ ಮುಗಿಯಿತು. ಈ ವಿಳಂಬವೇ ಗೋಪುರವನ್ನು ಉಳಿಸಿತೆಂದು ಈ ಶಾಸ್ತ್ರ ಹೇಳುತ್ತದೆ. ಒಂದೇ ಉಸಿರಿಗೆ ಕಟ್ಟಿದ್ದರೆ ಕೆಳಗಿನ ಮೆದು ಜೇಡಿ ತಾಳದೆ ಗೋಪುರ ಅಂದೇ ಉರುಳುತ್ತಿತ್ತು. ಕೆಲಸ ನಿಂತ ಆ ದೀರ್ಘ ಅವಧಿಯಲ್ಲಿ ನೀರು ಜಿನುಗಿ ನೆಲಕ್ಕೆ ಬಲ ಬಂದಿತು. 1934ರಲ್ಲಿ ಟೆರ್ಜಾಗಿಯವರೇ ಈ ಗೋಪುರದ ವಾಲುವಿಕೆಯ ಕಾರಣವನ್ನು ಕುರಿತು ಲೇಖನ ಬರೆದರು.

ಅಮರಕೋಶದ ಅದೇ ಸಾಲಿನಲ್ಲಿ ಅಚಲಾ, ಸ್ಥಿರಾ ಎಂಬುವುಗಳ ಜೊತೆಗೆ ಭೂಮಿಗೆ ರಸಾ ಎಂಬ ಹೆಸರೂ ಇದೆ. ರಸವೆಂದರೆ ದ್ರವ, ನೀರು. ನನ್ನ ಶಿಷ್ಯ ಬಾಯಿಪಾಠ ಮಾಡಿ ಮರೆತ ಈ ಹೆಸರೇ ಆತನ ವೃತ್ತಿಗೆ ಹೆಚ್ಚು ಹತ್ತಿರವಾದುದು ಎಂದು ಅವನಿಗೊಂದು ಕಾಗದ ಬರೆದೆ.

1925ರಲ್ಲಿ ಟೆರ್ಜಾಗಿಯವರ ಗ್ರಂಥ ವಿಯೆನ್ನಾದಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಮಣ್ಣಿನ ಬಲಶಾಸ್ತ್ರವೆಂಬ ಒಂದು ಹೊಸ ವಿದ್ಯೆ ಆ ವರ್ಷ ಹುಟ್ಟಿತೆಂದು ಆ ಕ್ಷೇತ್ರದವರು ಎಣಿಸುತ್ತಾರೆ. ಹನ್ನೆರಡು ವರ್ಷದ ಹಿಂದೆ ಕೂಲಿ ಮಾಡಿ ಸೋತು ಹೋಗಿದ್ದ ಅಮೆರಿಕಕ್ಕೆ ಅವರನ್ನು ಈಗ ಮರ್ಯಾದೆಯಿಂದ ಕರೆಸಿಕೊಂಡರು. ಮೆಸಾಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ 1925ರಿಂದ 1929ರವರೆಗೆ ಪಾಠ ಹೇಳಿದರು. ಆರ್ಥರ್ ಕಾಸಾಗ್ರಾಂಡೆ ಎಂಬ ತರುಣ ಆಸ್ಟ್ರಿಯನ್ನನು ಅಲ್ಲಿ ಸಹಾಯಕನಾಗಿ ಸೇರಿ, ಮುಂದೆ ತಾನೇ ಒಬ್ಬ ಆಚಾರ್ಯನಾದ. 1930ರಲ್ಲಿ ಟೆರ್ಜಾಗಿಯವರು ಭೂವಿಜ್ಞಾನವನ್ನು ಓದಿದ್ದ ರೂತ್ ಡಾಗೆಟ್ ಎಂಬಾಕೆಯನ್ನು ಎರಡನೆಯ ಮದುವೆಯಾದರು. ಗಂಡನ ಬರವಣಿಗೆಯನ್ನು ತಿದ್ದಿ ಒಪ್ಪವಿಡುವುದರಲ್ಲಿ ಆಕೆಯ ಪಾಲು ದೊಡ್ಡದು.

ಈ ವೇಳೆಗೆ ವಿಯೆನ್ನಾದ ತಾಂತ್ರಿಕ ವಿದ್ಯಾಲಯ ಅವರಿಗೆ ಪ್ರಾಧ್ಯಾಪಕ ಪೀಠವನ್ನು ಕೊಟ್ಟಿತ್ತು. 1936ರ ಜೂನಿನಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮುನ್ನೂರನೆಯ ವರ್ಷದ ಉತ್ಸವದ ಅಂಗವಾಗಿ, ಈ ಹೊಸ ವಿದ್ಯೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಕೂಡಿತು. ಟೆರ್ಜಾಗಿಯವರೇ ಅಧ್ಯಕ್ಷರು. ಒಬ್ಬ ವಿದ್ವಾಂಸನಿಗೆ ಇದಕ್ಕಿಂತ ಮಿಗಿಲಾದ ವೈಭವ ಬೇರೆ ಯಾವುದು? ಆದರೆ ವಿಯೆನ್ನಾದಲ್ಲಿ ಅವರ ಬಾಳಿನ ಅತ್ಯಂತ ಕಹಿಯಾದ ಅಧ್ಯಾಯ ಅವರಿಗಾಗಿ ಕಾದಿತ್ತು.

ಅದೇ ವಿದ್ಯಾಲಯದಲ್ಲಿ ಬಲವಿಜ್ಞಾನದ ಪ್ರಾಧ್ಯಾಪಕರಾಗಿ ಪೌಲ್ ಫಿಲ್ಲುಂಗರ್ ಎಂಬವರಿದ್ದರು. ಟೆರ್ಜಾಗಿ ಹುಟ್ಟಿದ 1883ರಲ್ಲೇ ಹುಟ್ಟಿದವರು. ಅಣೆಕಟ್ಟಿನ ಗೋಡೆಯ ಸೂಕ್ಷ್ಮ ರಂಧ್ರಗಳಿಗೆ ನುಗ್ಗಿದ ನೀರು ಗೋಡೆಗೆ ಏನು ಮಾಡುತ್ತದೆ ಎಂಬ ವಿಷಯವನ್ನು 1913ರ ಸುಮಾರಿಗೇ, ಅಂದರೆ ಟೆರ್ಜಾಗಿಯವರ ಪ್ರಯೋಗಗಳಿಗಿಂತ ಮೊದಲೇ, ಅವರು ಚಿಂತಿಸಿದ್ದರು. ಫಿಲ್ಲುಂಗರ್ ಗಣಿತದಲ್ಲಿ ಬಿಗಿ. ಅಂದಾಜಿನ ಮೇಲೆ ಅಂದಾಜು ಕಟ್ಟುವುದು ಅವರಿಗೆ ಸಹಿಸದು. ಟೆರ್ಜಾಗಿಯವರೋ ಗಣಿತವನ್ನು ಊರುಗೋಲಿನಂತೆ ಬಳಸಿದವರು. ನಡೆಯಲು ಎಷ್ಟು ಬೇಕೋ ಅಷ್ಟು. ಒಂದೇ ಸೂರಿನ ಕೆಳಗೆ ಇಂಥ ಇಬ್ಬರು ಇದ್ದಾಗ ಭಿನ್ನಾಭಿಪ್ರಾಯ ಬರುವುದು ಸಹಜವೇ. ಆದರೆ 1936ರ ಕೊನೆಗೆ ಅದು ಬೀದಿಗೆ ಬಂದಿತು. ಟೆರ್ಜಾಗಿ ಮತ್ತು ಅವರ ಸಹೋದ್ಯೋಗಿ ಫ್ರೋಲಿಖ್ ಸೇರಿ ಅದೇ ವರ್ಷ ಜೇಡಿಪದರಗಳ ಇಳಿಕೆಯ ಮೇಲೆ ಒಂದು ಪುಸ್ತಕವನ್ನು ತಂದಿದ್ದರು. ಅದನ್ನೂ ಈ ವಿದ್ಯೆಯನ್ನೂ ಒಟ್ಟಾಗಿ ಖಂಡಿಸಿ ಫಿಲ್ಲುಂಗರ್ ಒಂದು ಕಿರುಹೊತ್ತಿಗೆಯನ್ನು ಅಚ್ಚು ಹಾಕಿಸಿದರು. ಅದರಲ್ಲಿ ವಾದವಷ್ಟೇ ಅಲ್ಲ, ವ್ಯಕ್ತಿನಿಂದೆಯೂ ಇದ್ದಿತು. ವಿದ್ಯೆಯ ಹೆಸರಿನಲ್ಲಿ ಜನರನ್ನು ವಂಚಿಸಲಾಗುತ್ತಿದೆ ಎಂಬ ಧ್ವನಿಯಿದ್ದಿತು.

ವಿಷಯ ವಿದ್ಯಾಲಯದ ವಿಚಾರಣಾ ಸಮಿತಿಯ ಮುಂದೆ ಹೋಯಿತು. ಸಮಿತಿಯ ಅಭಿಪ್ರಾಯ ಟೆರ್ಜಾಗಿಯವರ ಕಡೆಗೆ ನಿಂತಿತು. 1937ರ ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಫಿಲ್ಲುಂಗರ್ ಮತ್ತು ಅವರ ಪತ್ನಿ ಇಬ್ಬರೂ ತಮ್ಮ ಕೈಯಾರೆ ಪ್ರಾಣ ಕಳೆದುಕೊಂಡರು.

ಇದನ್ನು ಓದಿದ ದಿನ ಪುಸ್ತಕವನ್ನು ಮುಚ್ಚಿಟ್ಟೆ. ನಮ್ಮಲ್ಲೂ ಪಂಡಿತರ ಜಗಳಗಳಿಗೆ ಕೊರತೆಯಿಲ್ಲ. ಒಂದು ಪಾಠಾಂತರಕ್ಕಾಗಿ, ಒಬ್ಬ ಕವಿಯ ಕಾಲನಿರ್ಣಯಕ್ಕಾಗಿ, ವರ್ಷಗಟ್ಟಲೆ ಒಬ್ಬರ ಮುಖವನ್ನೊಬ್ಬರು ನೋಡದೆ ಕಳೆದವರನ್ನು ನಾನು ಕಂಡಿದ್ದೇನೆ. ವಾದದಲ್ಲಿ ಸೋತರೆ ಬಾಳಿನಲ್ಲೇ ಸೋತೆನೆಂದು ಭಾವಿಸುವ ಮಟ್ಟಕ್ಕೆ ವಿದ್ಯೆ ಮನುಷ್ಯನನ್ನು ಕೊಂಡೊಯ್ದರೆ, ಆ ವಿದ್ಯೆಯಿಂದ ಏನು ಬಂದಂತಾಯಿತು?

ಇಷ್ಟಕ್ಕೂ ಸತ್ಯ ಯಾರ ಕಡೆ ಇದ್ದಿತು? ಕಟ್ಟಡವನ್ನು ನಿಲ್ಲಿಸಬೇಕಾದ ಇಂಜಿನಿಯರಿಗೆ ಟೆರ್ಜಾಗಿಯವರ ದಾರಿಯೇ ದಾರಿ. ಅದು ನೆಲದಲ್ಲಿ ಮತ್ತೆ ಮತ್ತೆ ಪರೀಕ್ಷೆಗೆ ಒಳಗಾಗಿ ಗೆದ್ದಿದೆ. ಆದರೆ ಫಿಲ್ಲುಂಗರ್ ಅವರ ಆ ಕಹಿಯಾದ ಕಿರುಹೊತ್ತಿಗೆಯಲ್ಲಿ ನಿಂದೆಯ ನಡುವೆ, ರಂಧ್ರಮಯವಾದ ಘನವಸ್ತುವೂ ಅದರೊಳಗಿನ ದ್ರವವೂ ಒಟ್ಟಿಗೆ ಹೇಗೆ ವರ್ತಿಸುತ್ತವೆ ಎಂಬುದರ ಬಿಗಿಯಾದ ಗಣಿತವೂ ಇದ್ದಿತು. ನಿಂದೆಯ ಜೊತೆಗೆ ಅದನ್ನೂ ಜನ ಮರೆತರು. ದಶಕಗಳು ಕಳೆದ ಮೇಲೆ ಜರ್ಮನಿಯ ವಿದ್ವಾಂಸ ರೈನ್ಟ್ ಡಿ ಬೋರ್ ಹಳೆಯ ಕಾಗದಪತ್ರಗಳನ್ನು ಶೋಧಿಸಿ, ರಂಧ್ರವಸ್ತುಗಳ ಆಧುನಿಕ ಸಿದ್ಧಾಂತದ ಮೂಲಪುರುಷರಲ್ಲಿ ಫಿಲ್ಲುಂಗರ್ ಒಬ್ಬರೆಂದು ತೋರಿಸಿದರು. ಈ ಪ್ರಕರಣವನ್ನು ಕುರಿತ ಅವರ ಗ್ರಂಥ 2005ರಲ್ಲಿ ಹೊರಬಂದಿತು. ಇಬ್ಬರಲ್ಲಿ ಒಬ್ಬರು ಮಣ್ಣನ್ನು ಬಲ್ಲವರು, ಒಬ್ಬರು ಗಣಿತವನ್ನು ಬಲ್ಲವರು. ಒಂದೇ ವಿದ್ಯಾಲಯದಲ್ಲಿದ್ದು ಕೂಡಿ ಕುಳಿತಿದ್ದರೆ ಈ ವಿದ್ಯೆ ಇನ್ನೆಷ್ಟು ಮುಂದೆ ಹೋಗುತ್ತಿತ್ತೋ!

1938ರಲ್ಲಿ ಹಿಟ್ಲರನ ಜರ್ಮನಿ ಆಸ್ಟ್ರಿಯಾವನ್ನು ನುಂಗಿತು. ಆ ವರ್ಷವೇ ಟೆರ್ಜಾಗಿಯವರು ಸಂಸಾರದೊಡನೆ ಅಮೆರಿಕಕ್ಕೆ ಬಂದು ಹಾರ್ವರ್ಡಿನಲ್ಲಿ ನೆಲೆಸಿದರು. 1943ರಲ್ಲಿ ಅಲ್ಲಿಯ ಪ್ರಜೆಯಾದರು. ಆಗ ಷಿಕಾಗೋ ನಗರದಲ್ಲಿ ನೆಲದಡಿಯ ರೈಲಿಗಾಗಿ ಸುರಂಗ ತೋಡುತ್ತಿದ್ದರು. ಮೇಲೆ ಭಾರಿ ಕಟ್ಟಡಗಳು, ಕೆಳಗೆ ಮೆದುವಾದ ಜೇಡಿ. ಸಲಹೆ ಕೊಡಲು ಟೆರ್ಜಾಗಿಯವರನ್ನು ಕರೆದಾಗ, ಸ್ಥಳದಲ್ಲೇ ಒಂದು ಪ್ರಯೋಗಶಾಲೆ ಇರಬೇಕು, ಅಲ್ಲಿ ನಾನು ಆರಿಸಿದ ಒಬ್ಬ ಇಂಜಿನಿಯರು ಇರಬೇಕು ಎಂದರು. ಹಾಗೆ ಆಯ್ಕೆಯಾದವರು ಸೇತುವೆಗಳ ವಿದ್ಯೆಯನ್ನು ಓದಿದ್ದ ರಾಲ್ಫ್ ಪೆಕ್ ಎಂಬ ಯುವಕರು. ಅವರು ಸುರಂಗದ ಪ್ರತಿಯೊಂದು ಹೆಜ್ಜೆಗೂ ಮೇಲಿನ ರಸ್ತೆ ಎಷ್ಟು ಇಳಿಯಿತೆಂದು ಅಳೆದು ಗುರುಗಳಿಗೆ ಬರೆದು ಕಳಿಸುತ್ತಿದ್ದರು. ಅದಕ್ಕೆ ತಕ್ಕಂತೆ ಕೆಲಸದ ಕ್ರಮ ಬದಲಾಗುತ್ತಿತ್ತು. 1948ರಲ್ಲಿ ಗುರುಶಿಷ್ಯರಿಬ್ಬರೂ ಸೇರಿ ಬರೆದ ಪುಸ್ತಕವೇ ನನ್ನ ವಿದ್ಯಾರ್ಥಿ ನಮ್ಮ ಮನೆಯಲ್ಲಿ ಬಿಟ್ಟುಹೋದುದರಲ್ಲಿ ಒಂದು.

ಸಿದ್ಧಾಂತವನ್ನು ಕಟ್ಟಿಕೊಟ್ಟವರು ಟೆರ್ಜಾಗಿಯೇ. ಆದರೆ ಅದನ್ನು ಕಣ್ಣುಮುಚ್ಚಿ ನಂಬಬೇಡಿ ಎಂದು ಕೊನೆಯವರೆಗೂ ಎಚ್ಚರಿಸುತ್ತಿದ್ದವರೂ ಅವರೇ. ಮೊದಲು ಅಂದಾಜು ಮಾಡಿ, ಕಟ್ಟುವಾಗ ಅಳೆಯಿರಿ, ಅಳತೆ ಅಂದಾಜಿಗೆ ಹೊಂದದಿದ್ದರೆ ಅಂದಾಜನ್ನು ತಿದ್ದಿ ಎಂಬ ಕ್ರಮವನ್ನು ಅವರು ಬಳಕೆಗೆ ತಂದರು. ಆಫ್ರಿಕದ ಕೀನ್ಯಾದಲ್ಲಿ, ನೈರೋಬಿ ನಗರಕ್ಕೆ ನೀರು ಕೊಡುವ ಸಸುಮುವಾ ಅಣೆಕಟ್ಟಿನ ಪ್ರಸಂಗ ಇದಕ್ಕೆ ನಿದರ್ಶನ. ಅಲ್ಲಿಯ ಜೇಡಿಮಣ್ಣನ್ನು ಪರೀಕ್ಷಿಸಿದಾಗ ಬಂದ ಅಂಕಿಗಳು ಪುಸ್ತಕದ ಪ್ರಕಾರ ಕಟ್ಟೆಗೆ ಯೋಗ್ಯವಲ್ಲವೆಂದು ಹೇಳುತ್ತಿದ್ದವು. ಟೆರ್ಜಾಗಿಯವರು ಪುಸ್ತಕವನ್ನು ಬದಿಗಿಟ್ಟು ಮಣ್ಣನ್ನೇ ನೋಡಿದರು. ಅದರ ಕಣಗಳು ಬಿಡಿಬಿಡಿಯಾಗಿರದೆ ಸಣ್ಣ ಸಣ್ಣ ಗಂಟುಗಳಾಗಿ ಕೂಡಿಕೊಂಡಿದ್ದವು. ಅಂಕಿಗಳು ವಿಚಿತ್ರವಾಗಿ ಬರಲು ಅದೇ ಕಾರಣ, ಮಣ್ಣು ವಾಸ್ತವವಾಗಿ ಬಲವಾದದ್ದು. ಕಟ್ಟೆ ನಿಂತಿತು. ಈ ಅನುಭವವನ್ನು ಅವರು 1958ರಲ್ಲಿ ಪ್ರಕಟಿಸಿದರು. ಯೌವನದಲ್ಲಿ ಹೆಸರನ್ನು ನಂಬಿ ಸೋತವರು, ಮುಪ್ಪಿನಲ್ಲಿ ಬರಿಯ ಸಂಖ್ಯೆಯನ್ನೂ ನಂಬಲಿಲ್ಲ ಎಂಬುದನ್ನು ಗಮನಿಸಬೇಕು.

ಈಜಿಪ್ಟಿನ ಅಸ್ವಾನ್ ಮಹಾ ಅಣೆಕಟ್ಟಿನ ಸಲಹಾ ಮಂಡಲಿಗೆ 1954ರಿಂದ ಅಧ್ಯಕ್ಷರಾಗಿದ್ದ ಅವರು, ಯೋಜನೆಯನ್ನು ಕೈಗೆತ್ತಿಕೊಂಡ ಸೋವಿಯತ್ ಇಂಜಿನಿಯರುಗಳೊಡನೆ ಒಮ್ಮತ ಬರದೆ 1959ರಲ್ಲಿ ಹುದ್ದೆಯನ್ನು ಬಿಟ್ಟರು. ಅವರ ಕೊನೆಯ ದೊಡ್ಡ ಕೆಲಸ ಕೆನಡದ ಬ್ರಿಟಿಷ್ ಕೊಲಂಬಿಯಾದಲ್ಲಿ 1960ರಲ್ಲಿ ಪೂರ್ಣಗೊಂಡ ಮಿಷನ್ ಅಣೆಕಟ್ಟು. ಭಾರ ಬಿದ್ದರೆ ಬಹಳ ಕುಗ್ಗುವ ಜೇಡಿಯ ಪದರದ ಮೇಲೆ ಅದನ್ನು ನಿಲ್ಲಿಸಬೇಕಾಗಿತ್ತು. ನೆಲ ಇಳಿಯದಂತೆ ತಡೆಯುವುದು ಸಾಧ್ಯವಿರಲಿಲ್ಲ. ಇಳಿಯುತ್ತದೆಂದು ಮೊದಲೇ ಒಪ್ಪಿ, ಇಳಿದರೂ ಒಡೆಯದಂತೆ ಕಟ್ಟೆಯನ್ನು ರೂಪಿಸಿದರು. 1963ರ ಅಕ್ಟೋಬರ್ 25ರಂದು ಮೆಸಾಚೂಸೆಟ್ಸ್‌ನ ವಿಂಚೆಸ್ಟರ್ ಊರಿನಲ್ಲಿ, ಎಂಬತ್ತು ತುಂಬಿದ ಮೇಲೆ, ಅವರು ತೀರಿಕೊಂಡರು. ಮಿಷನ್ ಅಣೆಕಟ್ಟನ್ನು ಕುರಿತ ಅವರ ಪ್ರಬಂಧ ಅಚ್ಚಾದದ್ದು ಅದರ ಮುಂದಿನ ವರ್ಷ. 1965ರಲ್ಲಿ ಆ ಕಟ್ಟೆಗೆ ಟೆರ್ಜಾಗಿ ಅಣೆಕಟ್ಟು ಎಂದು ಹೆಸರಿಟ್ಟರು.

ಪೀಸಾ ಗೋಪುರದ ಕಥೆಯೂ ಅಲ್ಲಿಗೇ ಮುಗಿಯಲಿಲ್ಲ. ವಾಲುವುದು ಹೆಚ್ಚುತ್ತ ಹೋಗಿ, 1990ರಲ್ಲಿ ಅದನ್ನು ಜನರಿಗೆ ಮುಚ್ಚಬೇಕಾಯಿತು. ಮೇಲಿನಿಂದ ಎಳೆದು ಕಟ್ಟುವುದಕ್ಕೆ ಬದಲು, ವಾಲಿದ ಕಡೆಗೆ ಎದುರಾದ ಉತ್ತರ ಪಾರ್ಶ್ವದಲ್ಲಿ ನೆಲದಡಿಯಿಂದ ಮಣ್ಣನ್ನು ಸ್ವಲ್ಪ ಸ್ವಲ್ಪವಾಗಿ ಹೊರತೆಗೆದರು. ಪ್ರತಿದಿನವೂ ಅಳತೆ, ಅಳತೆ ನೋಡಿ ಮುಂದಿನ ಹೆಜ್ಜೆ. ಗೋಪುರದ ತುದಿ ನಲವತ್ತು ಸೆಂಟಿಮೀಟರಿಗೂ ಹೆಚ್ಚು ಹಿಂದಕ್ಕೆ ಬಂದಿತು. 2001ರಲ್ಲಿ ಬಾಗಿಲನ್ನು ಮತ್ತೆ ತೆರೆದರು. ಖಾಲಿ ಚುಟ್ಟಾ ಪೆಟ್ಟಿಗೆಗಳಿಂದ ಮೊದಲಾದ ವಿದ್ಯೆ ಎಂಟುನೂರು ವರ್ಷದ ಗೋಪುರವನ್ನು ಉಳಿಸಿಕೊಟ್ಟಿತು.

ನನ್ನ ಕಾಗದಕ್ಕೆ ವಿದ್ಯಾರ್ಥಿಯ ಉತ್ತರ ಬಂದಿದೆ. ರಸಾ ಎಂಬ ಹೆಸರನ್ನು ತನ್ನ ಕಛೇರಿಯ ಗೆಳೆಯರಿಗೆಲ್ಲ ಹೇಳಿದನಂತೆ. ಕೊನೆಗೆ ಒಂದು ಮಾತನ್ನೂ ಸೇರಿಸಿದ್ದಾನೆ: "ಮೇಷ್ಟ್ರೇ, ನೀವು ಕಲಿಸಿದ ಹೆಸರುಗಳಲ್ಲಿ ಸರ್ವಂಸಹಾ ಎಂಬುದೂ ಇತ್ತಲ್ಲ? ಎಲ್ಲವನ್ನೂ ಸಹಿಸುವವಳು. ಸಹಿಸುತ್ತಾಳೆ ನಿಜ, ಆದರೆ ಭಾರ ಹೊರಿಸುವ ಮೊದಲು ಆಕೆಗೆ ಎಷ್ಟು ಸಮಯ ಬೇಕೆಂದು ಕೇಳಬೇಕು." ಶಾಲೆಯಲ್ಲಿ ಆ ಪದಕ್ಕೆ ಅರ್ಥ ಹೇಳಿದವನು ನಾನು. ಈ ವ್ಯಾಖ್ಯಾನವನ್ನು ಮುಂದಿನ ವರ್ಷದ ತರಗತಿಯಲ್ಲಿ ಅವನ ಹೆಸರಿನಲ್ಲೇ ಹೇಳಬೇಕೆಂದಿದ್ದೇನೆ.